ಮನೆಯವರದೇ ರಕ್ತ

ನಮ್ಮ ಲ್ಯಾಬಿಗೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಮೊದಲ ದಿನವೇ ಅಲ್ಲಿನ ದೊಡ್ಡ ಯಂತ್ರದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ತೆಗೆಸಿಕೊಳ್ಳಲಿ, ನನ್ನದೇನೂ ತಕರಾರಿಲ್ಲ. ನಾನು ಸೇರಿದಾಗ ಫೋಟೋ ತೆಗೆಸಿಕೊಳ್ಳುವಂಥದ್ದು ಅಲ್ಲಿ ಏನೂ ಇರಲಿಲ್ಲ. ಒಂದು ಸೂಕ್ಷ್ಮದರ್ಶಕ, ತಿರುಗುವಾಗ ಇಡೀ ಮೇಜನ್ನು ನಡುಗಿಸುತ್ತಿದ್ದ ಒಂದು ಸೆಂಟ್ರಿಫ್ಯೂಜು, ಮೊಲದ ಸೀರಂ ಇಟ್ಟ ಫ್ರೀಜರು, ಮತ್ತೆ ಬಾಯಿ. ಬಾಯಿ ಅಂದರೆ ಲ್ಯಾಬಿನ ಮುಖ್ಯಸ್ಥೆ, ಮರಾಠಿ ಡಾಕ್ಟರು. ಹೆಸರು ಹಿಡಿದು ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ, ಆಸ್ಪತ್ರೆಯ ಡೀನ್ ಸಾಹೇಬರೂ ಬಾಯಿ ಅಂತಲೇ ಅನ್ನುತ್ತಿದ್ದರು.

ನಮ್ಮಪ್ಪ ಧಾರವಾಡದಿಂದ ರೈಲ್ವೆ ನೌಕರಿಗೆ ಬಂದವರು. ನಾನು ಹುಟ್ಟಿದ್ದು, ಬೆಳೆದದ್ದು ವಡಾಲದಲ್ಲಿ, ಮದುವೆಯಾಗಿ ಬಂದದ್ದು ಸಯನ್‌ಗೆ. ಮನೆಯಲ್ಲಿ ಧಾರವಾಡದ ಮಾತು, ಮೆಟ್ಟಿಲಿಳಿದರೆ ಮರಾಠಿ, ಲ್ಯಾಬಿನಲ್ಲಿ ಇಂಗ್ಲಿಷು. ಹಾಗಾಗಿ ಕನ್ನಡ ಮಾತಾಡುವ ರೋಗಿ ಯಾರೇ ಬಂದರೂ ಎಲ್ಲರೂ ನನ್ನ ಮೇಜಿನ ಕಡೆ ಕೈ ತೋರಿಸಿಬಿಡುತ್ತಿದ್ದರು. ಈಗ ನಿವೃತ್ತಿಯಾದ ಮೇಲೆ ನಮ್ಮ ಬಿಲ್ಡಿಂಗಿನ ಹೆಂಗಸರು ನನ್ನನ್ನು "ಕಿಡ್ನಿ ಜೋಡಿಸ್ತಿದ್ದವರು" ಅಂತ ಪರಿಚಯ ಮಾಡಿಕೊಡುತ್ತಾರೆ. ನಿಜ ಹೇಳಬೇಕೆಂದರೆ ಇಡೀ ನೌಕರಿಯಲ್ಲಿ ನಾನು ಒಂದು ಕಿಡ್ನಿಯನ್ನೂ ಕಣ್ಣಾರೆ ನೋಡಿಲ್ಲ. ನೋಡಿದ್ದೆಲ್ಲ ರಕ್ತ, ಮತ್ತು ಅದನ್ನು ಕೊಡಲು ಬಂದವರ ಮುಖ.

ಕೆಲಸ ಏನು ಅಂತ ಒಮ್ಮೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಪ್ರತಿಯೊಬ್ಬರ ಬಿಳಿ ರಕ್ತಕಣಗಳ ಮೈಮೇಲೆ ಕೆಲವು ಗುರುತುಗಳಿರುತ್ತವೆ. ಅವು ಎರಡು ಕಟ್ಟಾಗಿ ಬರುತ್ತವೆ, ಒಂದು ತಾಯಿಯಿಂದ, ಒಂದು ತಂದೆಯಿಂದ. ತಂದೆಗೂ ಎರಡು ಕಟ್ಟು ಇರುತ್ತವಲ್ಲ, ಅವುಗಳಲ್ಲಿ ಒಂದು ಮಗನಿಗೆ, ಇನ್ನೊಂದು ಮಗಳಿಗೆ ಹೋಗಬಹುದು. ಇಬ್ಬರಿಗೂ ಒಂದೇ ಹೋದರೂ ಹೋಯಿತು. ಅದು ಯಾರ ಕೈಯಲ್ಲೂ ಇಲ್ಲ. ಈ ಗುರುತುಗಳನ್ನು ಓದುವುದು ನಮ್ಮ ಮೊದಲ ಕೆಲಸ.

ಎರಡನೆಯದು ಕ್ರಾಸ್‌ಮ್ಯಾಚ್. ಕಿಡ್ನಿ ಕೊಡುವವರ ಬಿಳಿಕಣ ಒಂದು ಹನಿ, ತೆಗೆದುಕೊಳ್ಳುವವರ ರಕ್ತದ ತಿಳಿ ಒಂದು ಹನಿ. ಎರಡನ್ನೂ ಸಾಸಿವೆ ಕಾಳು ಹಿಡಿಯುವಷ್ಟು ಸಣ್ಣ ಗುಳಿಯಲ್ಲಿ ಕೂಡಿಸಬೇಕು, ಮೇಲೆ ಮೊಲದ ಸೀರಂ ಬಿಡಬೇಕು, ಕಾಯಬೇಕು, ಆಮೇಲೆ ಬಣ್ಣ ಹಾಕಿ ನೋಡಬೇಕು. ರೋಗಿಯ ರಕ್ತಕ್ಕೆ ಆ ಕಣಗಳ ಗುರುತಿನ ಮೇಲೆ ಮೊದಲೇ ದ್ವೇಷ ಹುಟ್ಟಿದ್ದರೆ ಕಣ ಸಾಯುತ್ತದೆ. ಸತ್ತ ಕಣ ಬಣ್ಣ ಕುಡಿದು ಊದಿಕೊಳ್ಳುತ್ತದೆ, ಬದುಕಿದ್ದು ಹೊಳೆಯುತ್ತಿರುತ್ತದೆ. ಗುಳಿಯಲ್ಲಿ ಸತ್ತರೆ ಮೈಯಲ್ಲೂ ಕಿಡ್ನಿ ಉಳಿಯುವುದಿಲ್ಲ, ಜೋಡಿಸಿದ ದಿನವೇ ಕಪ್ಪಾಗಬಹುದು. ಹೊರಗೆ ಬೆಂಚಿನ ಮೇಲೆ ಕೂತವರು ಕೇಳುವುದು ಒಂದೇ ಮಾತು, "ಮ್ಯಾಚ್ ಆಯ್ತಾ?" ಅವರ ಪಾಲಿಗೆ ಇದು ಎಸ್ಸೆಸ್ಸೆಲ್ಸಿ ರಿಸಲ್ಟು ಇದ್ದಂತೆ, ಪಾಸು ಅಥವಾ ಫೇಲು.

ನಾನು ಸೇರಿದ ಹೊಸತರಲ್ಲಿ ಒಂದು ಸಲ ದಿನವಿಡೀ ಮಾಡಿದ ಟೆಸ್ಟುಗಳಲ್ಲಿ ಒಂದು ಕಣವೂ ಸಾಯಲಿಲ್ಲ. ಎಲ್ಲರದೂ ಮ್ಯಾಚ್. ನಾವು ಖುಷಿಯಿಂದ ಚಹಾ ತರಿಸಿದೆವು. ಬಾಯಿ ಬಂದು, ಮೊದಲ ಸಾಲಿನ ಕೊನೆಯ ಗುಳಿಯನ್ನು ನೋಡಿದರು. ಅದು ಸಾಯಲೇಬೇಕಾದ ಗುಳಿ. ಎಲ್ಲವೂ ಸರಿಯಾಗಿ ನಡೆಯುತ್ತಿದೆಯೋ ಇಲ್ಲವೋ ಅಂತ ತಿಳಿಯಲಿಕ್ಕೇ ಅದನ್ನು ಇಡುವುದು. ಅದರಲ್ಲೂ ಕಣಗಳು ಫಳಫಳ ಹೊಳೆಯುತ್ತ ಕೂತಿದ್ದವು. ಹಿಂದಿನ ದಿನ ಕರೆಂಟು ಹೋಗಿ ಫ್ರೀಜರಿನ ಮೊಲದ ಸೀರಂ ಕೆಟ್ಟಿತ್ತು, ಅದು ಕೆಟ್ಟರೆ ಏನೂ ಸಾಯುವುದಿಲ್ಲ. ಬಾಯಿ ಯಾರನ್ನೂ ಬೈಯಲಿಲ್ಲ. ಎಲ್ಲ ಟ್ರೇಗಳನ್ನೂ ಎತ್ತಿ ತಾವೇ ಕಸದ ಡಬ್ಬಿಗೆ ಹಾಕಿ, ನಮ್ಮ ಚಹಾ ಕುಡಿದು ಹೋದರು. ಇವತ್ತಿಗೂ ಹೊಸಬರಿಗೆ ನಾನು ಹೇಳುವುದು ಅದನ್ನೇ: ಒಳ್ಳೆಯ ಸುದ್ದಿ ಬಂದರೆ ಮೊದಲು ಆ ಗುಳಿ ನೋಡಿ.

ಬಾಯಿಯ ಇನ್ನೊಂದು ಪದ್ಧತಿ ಯಾವ ಪುಸ್ತಕದಲ್ಲೂ ಇರಲಿಲ್ಲ. ಕೊಡಲು ಬಂದವರ ಜತೆ ಊರೇ ಬಂದಿರುತ್ತದೆ. ಬಾಯಿ ಅವರನ್ನೆಲ್ಲ ಹೊರಗೆ ಕೂರಿಸಿ, ಕೊಡುವವರನ್ನು ಮಾತ್ರ ಪಕ್ಕದ ಚಿಕ್ಕ ಕೋಣೆಗೆ ಕರೆಯುತ್ತಿದ್ದರು. ಅಲ್ಲಿ ಒಂದೇ ಪ್ರಶ್ನೆ: "ತುಝೀ ಇಚ್ಛಾ ಆಹೇ ಕಾ?" ನಿನಗೆ ಮನಸ್ಸಿದೆಯಾ ಅಂತ. ಮರಾಠಿ ಬಾರದವರಿಗೆ ಹಿಂದಿಯಲ್ಲಿ, ನಮ್ಮವರಾದರೆ ನನ್ನ ಬಾಯಿಂದ ಕನ್ನಡದಲ್ಲಿ.

ಒಬ್ಬ ಅಣ್ಣ ತಮ್ಮನಿಗೆ ಕೊಡಲು ಬಂದಿದ್ದ. ಹೊರಗೆ ಎದೆ ತಟ್ಟಿಕೊಂಡು "ಎರಡೂ ತಗೊಳ್ಳಿ ಬೇಕಾದ್ರೆ" ಅನ್ನುತ್ತಿದ್ದವನು, ಕೋಣೆಯಲ್ಲಿ ಆ ಪ್ರಶ್ನೆ ಕೇಳಿದ್ದೇ ತಡ, ಗಳಗಳ ಅತ್ತುಬಿಟ್ಟ. ಹೆಂಡತಿ ಒಪ್ಪುತ್ತಿಲ್ಲ, ಅವನಿಗೂ ಹೆದರಿಕೆ, ತಾಯಿಗೆ ಹೇಳುವ ಧೈರ್ಯವಿಲ್ಲ. ಬಾಯಿ ಅವನಿಗೆ ನೀರು ಕೊಟ್ಟು ಕಳಿಸಿದರು. ರಿಪೋರ್ಟಿನಲ್ಲಿ "ದಾನಿಯಾಗಿ ಯೋಗ್ಯರಲ್ಲ" ಅಂತ ಬರೆದರು, ಕಾರಣ ಬರೆಯಲಿಲ್ಲ. ಅವನು ಹೊರಗೆ ಹೋಗಿ ಎಲ್ಲರೆದುರು ಹಣೆ ಹಣೆ ಚಚ್ಚಿಕೊಂಡ. ನನಗೆ ಮೈಯೆಲ್ಲ ಉರಿದುಹೋಯಿತು. ತಮ್ಮ ಅಲ್ಲಿ ಹಾಸಿಗೆ ಹಿಡಿದು ಮಲಗಿದ್ದಾನೆ, ಇವನು ಇಲ್ಲಿ ನಾಟಕ ಮಾಡುತ್ತಿದ್ದಾನೆ ಅಂತ ಬಾಯಿಯ ಹತ್ತಿರ ಗೊಣಗಿದೆ. ಅವರು ಕನ್ನಡಕ ಒರೆಸಿಕೊಳ್ಳುತ್ತ, "ಬೇಡ ಅನ್ನುವುದು ಕೊಡುವವನ ಹಕ್ಕು. ಅದನ್ನು ಹೇಳುವ ಧೈರ್ಯ ಇಲ್ಲದಿದ್ದರೆ ನಾವು ಸ್ವಲ್ಪ ಸಹಾಯ ಮಾಡುವುದು, ಅಷ್ಟೇ. ನಿನ್ನ ಕಿಡ್ನಿ ಕೇಳಿದಾಗ ತಿಳಿಯುತ್ತದೆ ನಿನಗೆ" ಅಂದರು. 

ಸದಾನಂದ ಅವರು ನಮ್ಮಲ್ಲಿಗೆ ಬಂದದ್ದು ಇದಾದ ಎಷ್ಟೋ ವರ್ಷಕ್ಕೆ. ಆಗ ರಕ್ತದ ಟ್ಯೂಬುಗಳನ್ನು ರೋಗಿಯ ಕಡೆಯವರೇ ಆಸ್ಪತ್ರೆಯಿಂದ ಆಸ್ಪತ್ರೆಗೆ ಹೊತ್ತು ತರುವ ಕಾಲ. ಅವರು ಉಡುಪಿ ಕಡೆಯವರು, ಬೊರಿವಲಿಯಲ್ಲಿ ಹೋಟೆಲು, ಗಲ್ಲಾದಲ್ಲಿ ಕೂರುವವರು. ಹೆಂಡತಿ ಸುಮತಿಗೆ ಎರಡೂ ಕಿಡ್ನಿ ಕೈಕೊಟ್ಟಿದ್ದವು, ವಾರಕ್ಕೆ ಮೂರು ಸಲ ಡಯಾಲಿಸಿಸ್. ಕಿಡ್ನಿ ಕೊಡುವವರು ತಾವೇ, ಸದಾನಂದ. ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಬೆಂಚಿನ ಮೇಲೆ ಗಂಡನಿಗೆ ಕೊಡಲು ಬಂದ ಹೆಂಡತಿಯರು ದಿನಾ ಕೂತಿರುತ್ತಿದ್ದರು. ಹೆಂಡತಿಗೆ ಕೊಡಲು ಗಂಡಸು ಬಂದರೆ ನಾವು ಒಬ್ಬರನ್ನೊಬ್ಬರು ಕರೆದು ತೋರಿಸುತ್ತಿದ್ದೆವು.

ಅವರು ಮೇಜಿನ ಮೇಲೆ ಒಂದು ಥರ್ಮೋಕೋಲ್ ಡಬ್ಬಿ ಇಟ್ಟರು. ತೆಗೆದು ನೋಡಿದರೆ ತುಂಬ ಐಸು. ಅದರ ನಡುವೆ ಇಬ್ಬರ ರಕ್ತದ ಟ್ಯೂಬುಗಳು, ಮುಟ್ಟಿದರೆ ಕೈ ಜುಮ್ಮೆನ್ನುವಷ್ಟು ತಣ್ಣಗೆ.

"ಏನ್ರಿ ಇದು? ಐಸಿನ್ಯಾಗ ಯಾಕ ಹಾಕಿರಿ?" ಅಂದೆ.

"ಅಲ್ಲ ಮೇಡಂ, ಬೊರಿವಲಿಯಿಂದ ತರಬೇಕಲ್ಲ. ಈ ಸೆಕೆಗೆ ಹಾಳಾದ್ರೆ? ಬಂಗುಡೆ ಮೀನು ಐಸಲ್ಲಿಟ್ರೆ ಸಂಜೆವರೆಗೆ ಎಂತ ಆಗುದಿಲ್ಲ."

"ಬಂಗುಡೆ ಸತ್ತಿರತದರಿ. ನಮಗ ಇದು ಜೀವಂತ ಬೇಕು."

ಅವರು ಒಂದು ಗಳಿಗೆ ನನ್ನ ಮುಖ ನೋಡಿ ನಕ್ಕುಬಿಟ್ಟರು. ಲೋಕಲ್ ರೈಲಿನಲ್ಲಿ ಆ ಜನಜಂಗುಳಿಯ ನಡುವೆ ಡಬ್ಬಿಯನ್ನು ತಲೆಯ ಮೇಲೆ ಹಿಡಿದುಕೊಂಡು ಬಂದಿದ್ದರಂತೆ, ಪಾಪ. ರಕ್ತವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ತರಬೇಕು, ಮೈಬಿಸಿಯೇ ಸಾಕು ಅಂತ ತಿಳಿಸಿ, ಇನ್ನೊಮ್ಮೆ ತೆಗೆಯಬೇಕು ಅಂದೆ. ಬಾಯಿ ಒಳಗಿನಿಂದಲೇ ಕೇಳಿಸಿಕೊಂಡು, ಜೇಬೂ ಬೇಡ ಡಬ್ಬಿಯೂ ಬೇಡ, ಗಂಡ ಹೆಂಡತಿ ಇಬ್ಬರೂ ಇಲ್ಲಿಗೇ ಬರಲಿ ಅಂದರು. ಕೊಡುವವರು, ತೆಗೆದುಕೊಳ್ಳುವವರು ಖುದ್ದಾಗಿ ಬಂದೇ ರಕ್ತ ಕೊಡಬೇಕು ಅನ್ನುವ ನಿಯಮ ನಮ್ಮಲ್ಲಿ ಶುರುವಾದದ್ದು ಆ ಐಸಿನ ಡಬ್ಬಿಯಿಂದ.

ಮಾರನೆಯ ದಿನ ಇಬ್ಬರೂ ಬಂದರು. ಸುಮತಿ ಸಣ್ಣಗಿನ ಹೆಂಗಸು. ಡಯಾಲಿಸಿಸ್‌ನಿಂದ ಮುಖ ಕಪ್ಪಿಟ್ಟಿತ್ತು, ಆದರೂ ಹೂ ಮುಡಿದುಕೊಂಡು ಬಂದಿದ್ದರು. ಕ್ರಾಸ್‌ಮ್ಯಾಚ್‌ಗೆ ಮುಂಚೆ ರೋಗಿಗೆ ಕೇಳಲೇಬೇಕಾದ ಎರಡು ಪ್ರಶ್ನೆಗಳಿವೆ: ಎಷ್ಟು ಸಲ ಬಸಿರು, ರಕ್ತ ಹಾಕಿಸಿಕೊಂಡಿದ್ದೀರಾ. ಮೊದಲನೆಯದಕ್ಕೆ ಸುಮತಿ ಹೇಳಿದರು, ಒಬ್ಬ ಮಗ, ಒಬ್ಬಳು ಮಗಳು, ನಡುವೆ ಒಂದು ಹೋಯಿತು. ಎರಡನೆಯದಕ್ಕೆ ಸದಾನಂದ ಬಾಯಿ ಹಾಕಿದರು.

"ಹೊರಗಿನವರ ರಕ್ತ ಒಂದು ಹನಿ ಹಾಕ್ಲಿಕ್ಕೆ ನಾನು ಬಿಡ್ಲಿಲ್ಲ ಮೇಡಂ. ಸುರುವಿಗೆ ಇವಳಿಗೆ ರಕ್ತ ತುಂಬ ಕಡಿಮೆ ಆಗಿತ್ತು. ನರ್ಸಿಂಗ್ ಹೋಮಿನವರು ಬ್ಲಡ್ ಬ್ಯಾಂಕಿಂದು ತನ್ನಿ ಅಂದ್ರು. ಯಾರದ್ದೋ ಏನೋ, ಯಾವ ಕಾಯಿಲೆಯೋ. ನಂದೂ ಇವಳದ್ದೂ ಒಂದೇ ಗ್ರೂಪು. ಮತ್ತೆ ಮನೆಯವರದ್ದೇ ಇರುವಾಗ ಹೊರಗಿನದ್ದು ಯಾಕೆ? ನಂದೇ ಕೊಟ್ಟೆ. ಒಮ್ಮೆ ಅಲ್ಲ, ಎರಡು ಸಲ."

ಸುಮತಿ ಗಂಡನ ಕಡೆ ನೋಡಿದ ರೀತಿ ನನಗೆ ಚೆನ್ನಾಗಿ ನೆನಪಿದೆ. ಅದರಲ್ಲಿ ಹೆಮ್ಮೆ ಇತ್ತು. ನಾನು ಫಾರ್ಮಿನಲ್ಲಿ "ಗಂಡನ ರಕ್ತ, ಎರಡು ಸಲ" ಅಂತ ಬರೆದು ಕೆಳಗೆ ಗೆರೆ ಎಳೆದೆ.

ಹೊಸಬರು ಇದನ್ನು ಸರಿಯಾಗಿ ತಿಳಿದುಕೊಳ್ಳಬೇಕು, ಯಾಕೆಂದರೆ ಈ ತಪ್ಪನ್ನು ಮಾಡುವವರು ಪ್ರೀತಿ ಇರುವವರೇ. ಮನೆಯಲ್ಲಿ ಯಾರಿಗಾದರೂ ಕಿಡ್ನಿ ಕೆಟ್ಟಿತು ಅಂದಕೂಡಲೇ ಅಣ್ಣ, ತಮ್ಮ, ಗಂಡ, ಮಗ ಎಲ್ಲರೂ ತೋಳು ಮಡಚಿಕೊಂಡು ಬರುತ್ತಾರೆ. ನಮ್ಮವರದೇ ಹಾಕಿ ಅನ್ನುತ್ತಾರೆ. ಆ ರಕ್ತದ ಜತೆ ಕೊಟ್ಟವರ ಬಿಳಿಕಣಗಳೂ ಹೋಗುತ್ತವೆ. ರೋಗಿಯ ಮೈ ಆ ಗುರುತುಗಳನ್ನು ನೋಡಿ, ಇವು ನನ್ನವಲ್ಲ ಅಂತ ಮನಸ್ಸಿನಲ್ಲಿಟ್ಟುಕೊಳ್ಳುತ್ತದೆ. ಮುಂದೆ ಅದೇ ಮನುಷ್ಯ ಕಿಡ್ನಿ ಕೊಡಲು ಬಂದರೆ ಬಾಗಿಲು ಹಾಕಿಬಿಡುತ್ತದೆ. ಯಾರೋ ದಾರಿಹೋಕನ ರಕ್ತ ಹಾಕಿದ್ದರೆ ಆ ದಾರಿಹೋಕನ ಗುರುತಿನ ಮೇಲೆ ಸಿಟ್ಟು ಉಳಿಯುತ್ತಿತ್ತು. ಅವನೇನು ಕಿಡ್ನಿ ಕೊಡಲು ಬರುತ್ತಿರಲಿಲ್ಲವಲ್ಲ.

ಸದಾನಂದರನ್ನು ಚಿಕ್ಕ ಕೋಣೆಗೆ ಕರೆದು ಬಾಯಿಯ ಪ್ರಶ್ನೆ ಕೇಳಿದಾಗ, "ಮನಸ್ಸಿಲ್ಲದೆ ಇಷ್ಟು ದೂರ ಬರ್ತೇನಾ ಮಾರಾಯ್ರೆ" ಅಂದರು. ಆಮೇಲೆ ದನಿ ತಗ್ಗಿಸಿ, "ಅವಳದ್ದು ಒಂದೇ ಹಟ. ಮಕ್ಕಳ ಹೆಸರು ಎತ್ತಬಾರದು ಅಂತ. ಮಕ್ಕಳಿಂದ ತಗೊಳ್ಳುದಾದ್ರೆ ನಾನು ಡಯಾಲಿಸಿಸೇ ಬಿಡ್ತೇನೆ ಅಂತಾಳೆ. ಹಾಗಾಗಿ ನಂದೇ ಆಗಬೇಕು ಮೇಡಂ, ಹೇಗಾದ್ರೂ" ಅಂದರು. ಹೇಗಾದರೂ ಅನ್ನುವುದು ನಮ್ಮ ಕೈಯಲ್ಲಿದ್ದರೆ ಎಷ್ಟು ಚೆನ್ನಾಗಿತ್ತು.

ಮಧ್ಯಾಹ್ನ ಟ್ರೇ ನೋಡಿದೆ. ಸಾಯಬೇಕಾದ ಗುಳಿ ಸತ್ತಿತ್ತು, ಬದುಕಬೇಕಾದ ಗುಳಿ ಬದುಕಿತ್ತು, ಸೀರಂ ಕೆಟ್ಟಿದೆ ಅನ್ನಲು ದಾರಿಯಿರಲಿಲ್ಲ. ಸುಮತಿಯ ತಿಳಿ ಬಿದ್ದ ಗುಳಿಗಳಲ್ಲಿ ಸದಾನಂದರ ಕಣಗಳು ಒಂದೂ ಹೊಳೆಯುತ್ತಿರಲಿಲ್ಲ. ಬಾಯಿಯನ್ನು ಕರೆದೆ. ಅವರು ಒಂದೊಂದೇ ಗುಳಿ ನೋಡಿ, "ಸಗಳೇ ಮೇಲೇ" ಅಂದರು. ಎಲ್ಲವೂ ಸತ್ತಿವೆ ಅಂತ.

ರಿಪೋರ್ಟು ಕಿಡ್ನಿ ಡಾಕ್ಟರಿಗೆ ಹೋಯಿತು, ಅವರು ಸದಾನಂದರಿಗೆ ತಿಳಿಸಿದರು. ಎರಡು ದಿನ ಬಿಟ್ಟು ಸದಾನಂದ ಒಬ್ಬರೇ ಲ್ಯಾಬಿಗೆ ಬಂದರು. ಬೆಂಚಿನ ಮೇಲೆ ಕೂರಲೂ ಇಲ್ಲ.

"ನಾನು ಕೊಟ್ಟ ರಕ್ತದಿಂದಲಾ ಮೇಡಂ ಹೀಗಾದ್ದು? ಡಾಕ್ಟ್ರು ಸರಿ ಹೇಳುದಿಲ್ಲ. ನೀವು ಹೇಳಿ."

"ಕೂಡ್ರಿ ಮೊದಲ. ಬಸುರಿನ್ಯಾಗನೂ ಹಿಂಗ ಆಗತದ. ಕೂಸಿನ ಮೈಯಾಗ ತಂದಿ ಗುರುತು ಇರತಾವಲ್ಲ, ತಾಯಿ ರಕ್ತಕ್ಕ ಅವು ತಾಕತಾವ. ಅದರಿಂದ ಆಗಿರಬಹುದು, ನೀವು ಕೊಟ್ಟ ರಕ್ತದಿಂದ ಆಗಿರಬಹುದು, ಎರಡೂ ಕೂಡಿರಬಹುದು. ಯಾವುದರಿಂದ ಅಂತ ಟೆಸ್ಟಿನ್ಯಾಗ ಕಾಣೂದಿಲ್ರಿ."

ಇದು ಸಮಾಧಾನಕ್ಕೆ ಹೇಳಿದ ಮಾತಲ್ಲ, ಇದ್ದದ್ದೇ ಹಾಗೆ. ಆದರೆ ಅವರು ತಮಗೆ ಬೇಕಾದ ಉತ್ತರವನ್ನು ಮೊದಲೇ ತೆಗೆದುಕೊಂಡು ಬಂದಿದ್ದರು. "ಒಳ್ಳೆದು ಮಾಡುವ ಅಂತ ಹೋದದ್ದು" ಅಂತ ಎರಡು ಸಲ ಅಂದರು. ನನಗೆ ಬಹಳ ಕೆಟ್ಟೆನಿಸಿತು. ನೀರು ಬೇಕಾ ಅಂದೆ, ಬೇಡ ಅಂದರು. ಮೆಟ್ಟಿಲಿಳಿಯುವಾಗ ಗೋಡೆ ಹಿಡಿದುಕೊಂಡು ಇಳಿದರು.

ಸತ್ತವರ ಕಿಡ್ನಿಗಾಗಿ ಕಾಯುವವರ ಸಾಲಿನಲ್ಲಿ ಸುಮತಿಯ ಹೆಸರು ಬರೆಸಿದ್ದರು. ಆ ಸಾಲು ಮುಂದೆ ಸರಿಯುವುದು ನಮ್ಮ ಸಿಗ್ನಲ್ಲಿನಲ್ಲಿ ನಿಂತ ಟ್ಯಾಕ್ಸಿಗಳ ಹಾಗೆ. ಸುಮತಿ ಎಷ್ಟು ಬೇಡವೆಂದರೂ ಮಕ್ಕಳು ಕೇಳಲಿಲ್ಲ, ಇಬ್ಬರೂ ಬಂದರು. ಮೊದಲು ಮಗ. ತಂದೆಯ ಎರಡು ಕಟ್ಟುಗಳಲ್ಲಿ ಯಾವುದರ ಮೇಲೆ ಸುಮತಿಯ ರಕ್ತಕ್ಕೆ ಸಿಟ್ಟಿತ್ತೋ, ಅದೇ ಕಟ್ಟು ಅವನಿಗೆ ಹೋಗಿತ್ತು. ಅವನ ಕಣಗಳೂ ಸತ್ತವು.

ಆಮೇಲೆ ಮಗಳು ಪ್ರತಿಮಾ. ಅಂಧೇರಿಯಲ್ಲಿ ನೌಕರಿ, ಆಫೀಸಿನ ಐಡಿ ಕಾರ್ಡಿನ ಪಟ್ಟಿ ಕೊರಳಲ್ಲಿ ಹಾಗೇ ಇತ್ತು. ಕನ್ನಡ ತಿಳಿಯುತ್ತಿತ್ತು, ಮಾತಾಡುವಾಗ ಎಡವುತ್ತಿದ್ದಳು. ಬಾಯಿ ಕೇಳಿದ ಪ್ರಶ್ನೆಗೆ, "ಇಸ್‌ಮೇ ಪೂಛ್‌ನೇ ಕಾ ಕ್ಯಾ ಹೈ?" ಅಂದಳು. ಇದರಲ್ಲಿ ಕೇಳುವುದೇನಿದೆ ಅಂತ. ಬಾಯಿಗೆ ಹಾಗೆ ತಿರುಗಿ ಮಾತಾಡಿದವರು ಕಡಿಮೆ, ಬಾಯಿಗೆ ಅವಳು ಹಿಡಿಸಿಬಿಟ್ಟಳು.

ಅವಳಿಗೆ ತಂದೆಯ ಇನ್ನೊಂದು ಕಟ್ಟು ಬಂದಿತ್ತು. ಗುಳಿಗಳಲ್ಲಿ ಕಣಗಳೆಲ್ಲ ಹೊಳೆಯುತ್ತಿದ್ದವು. ಹಳೆಯ ಪಾಠ ಮರೆಯದೆ ಸಾಯಬೇಕಾದ ಗುಳಿಯನ್ನೂ ನೋಡಿದೆ, ಅದು ಸತ್ತಿತ್ತು. ಮ್ಯಾಚ್ ಆಗಿತ್ತು.

ರಿಪೋರ್ಟು ಟೈಪಾಗುವ ಮೊದಲೇ ಸುಮತಿ ಬಂದರು. ಡಯಾಲಿಸಿಸ್ ಮುಗಿಸಿ, ಕೈಗೆ ಕಟ್ಟಿದ ಪಟ್ಟಿಯ ಸಮೇತ, ಮನೆಯಲ್ಲಿ ಯಾರಿಗೂ ಹೇಳದೆ. ನನ್ನ ಮೇಜಿನ ಹತ್ತಿರ ಕೂತು ಏದುಸಿರು ಬಿಡುತ್ತಲೇ ಮಾತು ತೆಗೆದರು.

"ಮೇಡಂ, ನಿಮ್ಮಲ್ಲಿ ಒಂದು ಉಪಕಾರ ಕೇಳ್ಲಿಕ್ಕುಂಟು. ಪ್ರತಿಮಾಂದು ಆಗುದಿಲ್ಲ ಅಂತ ಬರೀರಿ."

"ಆಗತದೋ ಇಲ್ಲೋ ನಿಮಗ ಇನ್ನೂ ಗೊತ್ತೇ ಇಲ್ಲಲ್ರಿ."

"ಆಗಿಯೇ ಆಗ್ತದೆ, ನಂಗೆ ಗೊತ್ತುಂಟು. ಅವಳಿಗೆ ಹುಡುಗನನ್ನು ನೋಡ್ತಾ ಇದ್ದೇವೆ. ಹೊಟ್ಟೆ ಕೊಯ್ದ ಹುಡುಗಿಯನ್ನು ಯಾರು ತಗೊಳ್ತಾರೆ ಹೇಳಿ. ನಾಳೆ ಅವಳಿಗೆ ಹೆರಿಗೆ ಗಿರಿಗೆ ಆಗುವಾಗ ಏನಾದ್ರೂ ಆದ್ರೆ ನಾನು ಯಾವ ಮುಖ ಇಟ್ಕೊಂಡು ಇರ್ಲಿ? ನಾನು ಮಿಷನಿನ ಮೇಲೆ ಇರ್ತೇನೆ. ಎಷ್ಟು ದಿನ ಉಂಟೋ ಅಷ್ಟು ದಿನ."

ನಾನು ಬಾಯಿಯ ಹತ್ತಿರ ಹೋದೆ. ಆ ಅಣ್ಣನಿಗೆ ಬರೆದುಕೊಟ್ಟ ಹಾಗೆ ಈ ತಾಯಿಗೂ ಬರೆದುಕೊಡುತ್ತಾರೆ ಅಂದುಕೊಂಡಿದ್ದೆ. ಬಾಯಿ ತಲೆಯಾಡಿಸಿದರು. "ಅವನು ತನ್ನ ಬಾಯಿಂದ ಬೇಡ ಅಂದ. ಈ ಹುಡುಗಿ ಬೇಡ ಅಂದಿಲ್ಲ. ತಾಯಿಗೆ ಬೇಡವಾಗಿದ್ದರೆ ತಾಯಿ ಹೇಳಲಿ, ನನಗೆ ಬೇಡ ಅಂತ, ತನ್ನ ಹೆಸರಿನಲ್ಲಿ. ಮಗಳ ರಕ್ತದ ಮೇಲೆ ಸುಳ್ಳು ಹೊರಿಸಿ ಅಲ್ಲ."

ಬಂದು ಕನ್ನಡದಲ್ಲಿ ತಿಳಿಸಿದೆ, ಆದಷ್ಟು ಮೆತ್ತಗೆ. ಸುಮತಿ "ಸರಿ ಬಿಡಿ" ಅಂತಷ್ಟೇ ಅಂದರು. ಕೆಳಗೆ ಟ್ಯಾಕ್ಸಿ ಹತ್ತಿಸಿ ಬಂದೆ. ರಿಪೋರ್ಟು ಇದ್ದದ್ದು ಇದ್ದ ಹಾಗೆ ಡಾಕ್ಟರಿಗೆ ಹೋಯಿತು. ಆಮೇಲೆ ಅವರ ಸುದ್ದಿ ಬರಲಿಲ್ಲ. ಕ್ರಾಸ್‌ಮ್ಯಾಚ್ ಮಾಡಿಕೊಟ್ಟ ಮೇಲೆ ಏನಾಯಿತು ಅಂತ ಲ್ಯಾಬಿನವರಿಗೆ ಯಾರೂ ಬಂದು ಹೇಳುವುದಿಲ್ಲ, ಇದು ಈ ಕೆಲಸದ ರೂಢಿ. ಆಪರೇಷನ್ ಆಗಿರುತ್ತದೆ ಅಂದುಕೊಂಡೆ.

ಅಷ್ಟರಲ್ಲಿ ಲ್ಯಾಬೇ ಬದಲಾಗುತ್ತ ಬಂತು. ಗುರುತುಗಳನ್ನು ಡಿಎನ್‌ಎಯಿಂದ ಓದುವ ಪದ್ಧತಿ ಬಂತು. ಮೊದಲು ಒಂದು ಗುರುತನ್ನು ಸಂಶಯದಿಂದ ಬರೆಯುತ್ತಿದ್ದ ಜಾಗದಲ್ಲಿ ಈಗ ಪೂರ್ತಿ ವಿಳಾಸವೇ ಸಿಗುತ್ತದೆ. ಬಣ್ಣಬಣ್ಣದ ಸಣ್ಣ ಮಣಿಗಳ ಯಂತ್ರ ಬಂತು, ರೋಗಿಯ ರಕ್ತಕ್ಕೆ ಯಾವ ಯಾವ ಗುರುತಿನ ಮೇಲೆ ಎಷ್ಟೆಷ್ಟು ಸಿಟ್ಟಿದೆ ಅಂತ ಅದು ಹೆಸರು ಹಿಡಿದು ಹೇಳುತ್ತದೆ. ನಾವು ಸತ್ತದ್ದು ಬದುಕಿದ್ದು ಎಣಿಸಿ ಕಣ್ಣು ಕೆಂಪು ಮಾಡಿಕೊಳ್ಳುತ್ತಿದ್ದ ಕೆಲಸ ಬಹಳ ಕಡಿಮೆಯಾಯಿತು. ಒಳ್ಳೆಯದೇ ಆಯಿತು ಅನ್ನುತ್ತೇನೆ. ಹಳೆಯದೆಲ್ಲ ಚಿನ್ನ ಅನ್ನುವ ಪೈಕಿ ನಾನಲ್ಲ. ನಮ್ಮ ಕಣ್ಣಿಗೆ ಬೀಳದ ಎಷ್ಟೋ ಸಿಟ್ಟುಗಳು ಈಗ ಮೊದಲೇ ಸಿಕ್ಕಿಬೀಳುತ್ತವೆ. ಬಾಯಿ ನಿವೃತ್ತರಾಗಿ ಪುಣೆ ಕಡೆ ಮಗನ ಮನೆಗೆ ಹೋದರು. ಹೋಗುವ ದಿನ ಭಾಷಣ ಮಾಡಿ ಅಂದರೆ, "ಫ್ರೀಜರಿನ ಕರೆಂಟು ನೋಡಿಕೊಳ್ಳಿ" ಅಂದು ಕೂತರು. ಚಿಕ್ಕ ಕೋಣೆಯಲ್ಲಿ ಹೊಸ ಮುಖ್ಯಸ್ಥರು ಪ್ರಿಂಟರ್ ಇಡಿಸಬೇಕೆಂದಿದ್ದರು. ಅದೊಂದನ್ನು ನಾನು ಆಗಗೊಡಲಿಲ್ಲ, ಗಂಟು ಮುಖ ಹಾಕಿಕೊಂಡು ಕೂತು ಕೋಣೆ ಉಳಿಸಿಕೊಂಡೆ.

ನನ್ನ ನಿವೃತ್ತಿ ಹತ್ತಿರ ಬಂದಿತ್ತು. ಒಂದು ದಿನ ಬೆಳಿಗ್ಗೆ ಪ್ರತಿಮಾ ಬಂದು ನಿಂತಳು. ಕತ್ತಿನಲ್ಲಿ ಕರಿಮಣಿ. ಹಿಂದೆ ಅವಳ ಬ್ಯಾಗು ಹಿಡಿದುಕೊಂಡು ಗಂಡ, ಗುಜರಾತಿ ಹುಡುಗ.

"ಆಂಟಿ, ನೆನಪು ಇದೆಯಾ ನಂದು? ಹೊಸ ಮಷೀನ್ ಬಂದಿದೆ ಅಂತ ಕೇಳ್ದೆ. ನಂದು ಒಂದ್ಸಲ ಫಿರ್ ಸೇ ಚೆಕ್ ಮಾಡ್ತೀರಾ, ಪ್ಲೀಸ್? ಮಮ್ಮಿದು ಕೈ ನರ ಎಲ್ಲ ಬಂದ್ ಆಗ್ತಾ ಇದೆ. ಡಯಾಲಿಸಿಸ್ ಸೂಜಿ ಹಾಕ್ಲಿಕ್ಕೆ ಜಾಗ ಇಲ್ಲ ಅಂತಾರೆ. ಇನ್ನು ಜಾಸ್ತಿ ದಿನ ಕಷ್ಟ ಅಂದ್ರು."

 ಸುಮತಿ ಇನ್ನೂ ಡಯಾಲಿಸಿಸ್‌ನಲ್ಲೇ ಇದ್ದಾರೆ ಅಂತ ನನಗೆ ಗೊತ್ತಾದದ್ದೇ ಆಗ.

"ನಿಂದು ಮ್ಯಾಚ್ ಆಗಲಿಲ್ಲ ಅಂತ ಯಾರು ಹೇಳಿದರು ನಿನಗ?"

"ಮಮ್ಮಿ. ಡಾಕ್ಟರ್ ಹತ್ರ ಹೋಗಿ ಬಂದು ಹೇಳಿದ್ಲು. ಅಣ್ಣಂದೂ ಇಲ್ಲ, ನಿಂದೂ ಇಲ್ಲ ಅಂತ. ಪಪ್ಪನಿಗೂ ಹಾಗೇ ಹೇಳಿದ್ದು."

ಬಾಯಿ ಹೇಳಿದ್ದನ್ನು ಸುಮತಿ ಅರ್ಧ ಮಾತ್ರ ಪಾಲಿಸಿದ್ದರು. ಡಾಕ್ಟರ ಹತ್ತಿರ ತನ್ನ ಹೆಸರಿನಲ್ಲಿ ಬೇಡ ಅಂದಿರಬೇಕು, ಮನೆಗೆ ಬಂದು ಮಗಳ ಹೆಸರಿನಲ್ಲಿ ಇಲ್ಲ ಅಂದರು. ನಾನೀಗ ನಿಜ ಹೇಳಿದರೆ ಈ ಹುಡುಗಿ ಕಿಡ್ನಿ ಕೊಡುತ್ತಾಳೆ, ಹೇಳದಿದ್ದರೆ ತಾಯಿ ಹೋಗುತ್ತಾಳೆ. ಮೂರನೆಯ ದಾರಿ ನನಗೆ ಕಾಣಲಿಲ್ಲ. ಕೇಳೋಣವೆಂದರೆ ಬಾಯಿ ಪುಣೆ ಕಡೆ ಇದ್ದರು.

ಗಂಡನನ್ನು ಹೊರಗೆ ಕೂರಲು ಹೇಳಿ ಅವಳನ್ನು ಚಿಕ್ಕ ಕೋಣೆಗೆ ಕರೆದೆ. "ಈಗೂ ಮನಸ್ಸದ ಏನು ನಿನಗ? ಲಗ್ನ ಆಗೇದ. ಅವನ ಮನಿಯವರು?"

"ಅವನಿಗೆ ಮದುವೆಗೆ ಮುಂಚೆನೇ ಹೇಳಿದ್ದೆ ಆಂಟಿ. ಮಮ್ಮಿಗೆ ಯಾವತ್ತಾದ್ರೂ ಆಗ್ತದೆ ಅಂದ್ರೆ ನಾನು ಕೊಡ್ತೇನೆ ಅಂತ. ಅವನೇ ಕರ್ಕೊಂಡು ಬಂದದ್ದು ಇವತ್ತು."

"ಹಂಗಾದ್ರ ಕೇಳು. ನಿನ್ನ ರಕ್ತದ ರಿಸಲ್ಟು ನಿಂದು, ನೀ ಕೇಳಿದಿ ಅಂತ ಹೇಳತೀನಿ. ಅವಾಗೂ ನಿಂದು ಮ್ಯಾಚ್ ಆಗಿತ್ತವಾ."

ತಾಯಿ ನನ್ನ ಹತ್ತಿರ ಬಂದು ಕೇಳಿಕೊಂಡದ್ದರ ಬಗ್ಗೆ ಒಂದಕ್ಷರ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಅವಳೇನು ದಡ್ಡಿಯಲ್ಲ.  ಸಿಟ್ಟು ಮಾಡುತ್ತಾಳೆ ಅಂದುಕೊಂಡೆ. ಅವಳು ಅಂದದ್ದು ಬೇರೆ.

"ಎಲ್ರೂ ಅಂತಾರೆ, ನಾನು ಪೂರಾ ಪಪ್ಪನ ಹಾಗೆ ಅಂತ. ಮುಖ, ನಡಿಗೆ, ಕೋಪ ಎಲ್ಲ. ಮಮ್ಮಿದು ನನ್ನಲ್ಲಿ ಏನೂ ಇಲ್ಲ, ಅದಕ್ಕೇ ಮ್ಯಾಚ್ ಆಗ್ಲಿಲ್ಲ ಅಂತ ಅಂದ್ಕೊಂಡಿದ್ದೆ ಆಂಟಿ. ಇಷ್ಟು ವರ್ಷ."

ಆಮೇಲೆ ಅತ್ತಳು.  ಇಷ್ಟು ಜನರಿಗೆ "ಮ್ಯಾಚ್ ಇಲ್ಲ" ಅಂದಿದ್ದೇನೆ, ಅದನ್ನು ಕೇಳಿದವರು ಮನೆಗೆ ಏನು ಹೊತ್ತುಕೊಂಡು ಹೋಗುತ್ತಾರೆ ಅಂತ ನಾನು ಯೋಚಿಸಿಯೇ ಇರಲಿಲ್ಲ. ಹೊಸಬರು ಈ ಮಾತನ್ನು ಹೇಳುವಾಗ ಜತೆಗೆ ಇನ್ನೆರಡು ಮಾತು ಹೇಳಿ: ಇದು ಗುರುತಿನ ವಿಚಾರ, ಸಂಬಂಧದ್ದಲ್ಲ ಅಂತ.

ವರ್ಷಗಳು ಕಳೆದಿದ್ದರಿಂದ ಸುಮತಿಯ ರಕ್ತದಲ್ಲಿ ಹೊಸ ಸಿಟ್ಟು ಏನಾದರೂ ಸೇರಿದೆಯೋ ಅಂತ ನೋಡಬೇಕಿತ್ತು. ಹೊಸದಾಗಿ ಕ್ರಾಸ್‌ಮ್ಯಾಚ್ ಆಗಲೇಬೇಕು. ಮನೆಯಲ್ಲಿ ಏನು ನಡೆಯಿತೋ, ಎಷ್ಟು ಜಗಳವಾಯಿತೋ ನನಗೆ ಗೊತ್ತಿಲ್ಲ. ಒಂದು ವಾರದ ಮೇಲೆ ಮೂವರೂ ಬಂದರು. ಸದಾನಂದ ಸೊರಗಿದ್ದರು, ಕೂದಲೆಲ್ಲ ಬೆಳ್ಳಗಾಗಿತ್ತು. ನನ್ನ ಕಡೆ ನೋಡಿ ಕೈ ಮುಗಿದರು. ಸುಮತಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ತಂದಿದ್ದರು. ಅವರು ಕೈ ಮುಗಿಯಲಿಲ್ಲ.

"ಹೇಳಿಯೇ ಬಿಟ್ರಲ್ಲ ನೀವು."

"ಅಕಿ ಕೇಳಿದಳ್ರಿ. ಹೇಳಿದೆ."

ಅವರು ಗೋಡೆಯ ಕಡೆ ಮುಖ ಮಾಡಿಕೊಂಡರು. ಮಗಳ ಕಡೆಯೂ ತಿರುಗಲಿಲ್ಲ.

ರಿಸಲ್ಟು ಏನಾಯಿತು ಅಂತ ಕೇಳುವವರಿಗೆ ಈಗಲೇ ಹೇಳಿಬಿಡುತ್ತೇನೆ. ಹೊಸ ಯಂತ್ರವೂ ಸರಿ ಅಂದಿತು, ಹಳೆಯ ಟ್ರೇಯಲ್ಲೂ ಕಣಗಳು ಹೊಳೆದವು. ಆಪರೇಷನ್ ಆಯಿತು, ತಾಯಿ ಮಗಳು ಇಬ್ಬರೂ ಚೆನ್ನಾಗಿದ್ದಾರೆ, ಈ ಸಲ ಪ್ರತಿಮಾಳೇ ಫೋನು ಮಾಡಿ ತಿಳಿಸಿದಳು. ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಅದಲ್ಲ, ಆ ಬೆಳಿಗ್ಗೆ ರಕ್ತ ತೆಗೆದ ಹೊತ್ತು.

ಸುಮತಿಯದು ಮೊದಲು ತೆಗೆದೆ. ಸೂಜಿಗೆ ಜಾಗ ಹುಡುಕಿ ಹುಡುಕಿ, ಕೊನೆಗೆ ಅಂಗೈಯ ಹಿಂದೆ ಸಿಕ್ಕಿತು. ಅವರು ಹುಬ್ಬು ಕೂಡ ಗಂಟಿಕ್ಕಲಿಲ್ಲ. ಆಮೇಲೆ ಪ್ರತಿಮಾ ತೋಳು ಮೇಲೇರಿಸಿ ಕೂತಳು. ಕಣಗಳು ಚೆನ್ನಾಗಿ ಸಿಗಬೇಕೆಂದರೆ ಕೊಡುವವರಿಂದ ಸ್ವಲ್ಪ ಜಾಸ್ತಿ ರಕ್ತ ಬೇಕು, ಹಾಗಾಗಿ ನಾನು ದೊಡ್ಡ ಟ್ಯೂಬುಗಳನ್ನು ಒಂದರ ಪಕ್ಕ ಒಂದು ಜೋಡಿಸಿದೆ. ಸುಮತಿ ಅಲ್ಲಿಯವರೆಗೆ ಗೋಡೆಯ ಕಡೆ ಮುಖ ಮಾಡಿದ್ದವರು, ಗಾಲಿಕುರ್ಚಿಯಿಂದ ಬಗ್ಗಿ ಆ ಟ್ಯೂಬುಗಳನ್ನು ನೋಡಿದರು. ಒಂದು ಕಿಡ್ನಿಯನ್ನೇ ತೆಗೆದುಕೊಳ್ಳಲು ಬಂದ ಆ ತಾಯಿ ನನ್ನ ಸೆರಗು ಹಿಡಿದು ಜಗ್ಗಿದರು.

"ಮೇಡಂ, ಅವಳಿಂದ ಸ್ವಲ್ಪವೇ ತೆಗೀರಿ. ಬೆಳಿಗ್ಗೆಯಿಂದ ಎಂತದೂ ತಿಂದಿಲ್ಲ ಅವಳು."